ಒಂದು ತೋಟಾದಿಂದ ಮುಂದಿನ ತೋಟಾದವರೆಗೆ

ಅಮೆರಿಕದ ಕೊಲರಾಡೊ ರಾಜ್ಯದ ಬೌಲ್ಡರ್ ಪಟ್ಟಣದ ಸಮೀಪ ವಾಸವಾಗಿರುವ ನನ್ನ ತಮ್ಮನ ಮಗಳು 2025ರ ಯುಗಾದಿಯ ದಿನ ಕರೆ ಮಾಡಿದಾಗ, ಹಬ್ಬದ ಮಾತೆಲ್ಲ ಮುಗಿದ ಮೇಲೆ, ನಾನು ನಿರೀಕ್ಷಿಸಿರದ ಒಂದು ಪ್ರಶ್ನೆ ಕೇಳಿದಳು. "ದೊಡ್ಡಪ್ಪ, ತಾತನ ಹತ್ತಿರ ಒಂದು ತುಪಾಕಿ ಇತ್ತಲ್ಲ, ಅದರಲ್ಲಿ ಒಂದು ಸಲಕ್ಕೆ ಎಷ್ಟು ಗುಂಡು ಹಿಡಿಯುತ್ತಿತ್ತು?" ಒಂದೇ ಎಂದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ಎರಡನೆಯ ತರಗತಿಯಲ್ಲಿ ಓದುತ್ತಿರುವ ಮಗನಿಗೆ ಆ ವಾರ ಶಾಲೆಯಲ್ಲಿ, ಬಂದೂಕು ಹಿಡಿದವನು ನುಗ್ಗಿದರೆ ಏನು ಮಾಡಬೇಕೆಂದು, ದೀಪ ಆರಿಸಿ, ಬಾಗಿಲು ಭದ್ರಪಡಿಸಿ, ಮೂಲೆಯಲ್ಲಿ ಉಸಿರು ಬಿಗಿಹಿಡಿದು ಕೂರುವ ಅಭ್ಯಾಸ ಮಾಡಿಸಿದರೆಂದು ಹೇಳಿದಳು. ಅವರ ರಾಜ್ಯದ ಶಾಸನಸಭೆ ಬಂದೂಕಿನ ಮ್ಯಾಗಜೀನ್‌ಗಳಿಗೆ ಸಂಬಂಧಿಸಿದ ಒಂದು ಮಸೂದೆಯನ್ನು ಅಂಗೀಕರಿಸಿ, ಅದು ಗವರ್ನರ್ ಸಹಿಗಾಗಿ ಕಾಯುತ್ತಿದ್ದ ಸಮಯವದು. ಅವಳ ನೆರೆಹೊರೆಯಲ್ಲಿ ಅದರ ಪರವಾಗಿಯೂ ವಿರುದ್ಧವಾಗಿಯೂ ದಿನವೂ ಮಾತು ನಡೆಯುತ್ತಿತ್ತಂತೆ. "ನೀವು ಇತಿಹಾಸದ ಮೇಷ್ಟ್ರು, ಇದು ಸರಿಯೋ ತಪ್ಪೋ ನಿಧಾನವಾಗಿ ಯೋಚಿಸಿ ಬರೆದು ಕಳಿಸಿ" ಎಂದಳು. ಗೌರಿಬಿದನೂರಿನಲ್ಲಿ ಕುಳಿತು ಅಮೆರಿಕದ ಕಾನೂನಿನ ಬಗ್ಗೆ ಬರೆಯುವ ಅಧಿಕಾರ ನನಗೇನಿದೆ ಎಂದು ಮೊದಲು ಹಿಂಜರಿದೆ. ಓದುತ್ತಾ ಹೋದಂತೆ ಈ ವಿಷಯ ನಮ್ಮ ಹೊಲದ ಬದುವಿಗೂ ವಿದುರಾಶ್ವತ್ಥದ ಸ್ಮಾರಕಕ್ಕೂ ಬಂದು ಮುಟ್ಟಿತು. ಅವಳಿಗೆ ಬರೆದದ್ದನ್ನೇ ಸ್ವಲ್ಪ ವಿಸ್ತರಿಸಿ ಇಲ್ಲಿ ಇಡುತ್ತಿದ್ದೇನೆ.

ಮ್ಯಾಗಜೀನ್ ಎಂದರೆ ನಮ್ಮಲ್ಲಿ ಹೆಚ್ಚಿನವರಿಗೆ ವಾರಪತ್ರಿಕೆ. ನಮ್ಮ ಜಿಲ್ಲೆಯ ಕಲ್ಲು ಕ್ವಾರಿಗಳಲ್ಲಿ ದುಡಿಯುವವರಿಗೆ ಮಾತ್ರ ಅದು ಸಿಡಿಮದ್ದು ಇಡುವ ಕೋಣೆ. ಎರಡಕ್ಕೂ ಮೂಲವಾದದ್ದು ಉಗ್ರಾಣ ಎಂಬ ಅರ್ಥದ ಅರಬ್ಬಿ ಪದ. ಬಂದೂಕಿನ ಮ್ಯಾಗಜೀನ್ ಕೂಡ ಒಂದು ಸಣ್ಣ ಉಗ್ರಾಣವೇ. ಲೋಹದ ಅಥವಾ ಗಟ್ಟಿ ಪ್ಲಾಸ್ಟಿಕ್‌ನ ಉದ್ದನೆಯ ಡಬ್ಬಿಯೊಳಗೆ ತೋಟಾಗಳನ್ನು ಒಂದರ ಮೇಲೊಂದು ಜೋಡಿಸಿರುತ್ತಾರೆ. ತಳದಲ್ಲಿರುವ ಸ್ಪ್ರಿಂಗ್ ಅವುಗಳನ್ನು ಮೇಲಕ್ಕೆ ಒತ್ತುತ್ತಲೇ ಇರುತ್ತದೆ. ಒಂದು ಗುಂಡು ಹಾರಿ ಖಾಲಿ ಕವಚ ಹೊರಬಿದ್ದ ಕೂಡಲೇ ಮುಂದಿನದು ತಾನಾಗಿಯೇ ನಳಿಗೆಯ ಬಾಯಿಗೆ ಬಂದು ಕೂರುತ್ತದೆ. ಟ್ರಿಗರ್ ಎಳೆಯುವ ಬೆರಳು ದಣಿಯುವವರೆಗೆ ಅಥವಾ ಡಬ್ಬಿ ಬರಿದಾಗುವವರೆಗೆ ಹೊಡೆಯುತ್ತಲೇ ಇರಬಹುದು. ಡಬ್ಬಿ ಬರಿದಾದ ಮೇಲೆ ಅದನ್ನು ಕಳಚಿ ಬೀಳಿಸಿ ಮತ್ತೊಂದನ್ನು ಸಿಕ್ಕಿಸಬೇಕು. ಹೀಗೆ ಕಳಚಿ ಸಿಕ್ಕಿಸುವ ಕೆಲಸ ಎಷ್ಟು ಗುಂಡುಗಳಿಗೊಮ್ಮೆ ಬರಬೇಕು ಎಂಬುದೊಂದೇ ಮ್ಯಾಗಜೀನ್‌ಗೆ ಮಿತಿ ಹಾಕುವ ಅಮೆರಿಕದ ಕಾನೂನುಗಳೆಲ್ಲದರ ವಿಷಯ. ಬಂದೂಕು ಇಟ್ಟುಕೊಳ್ಳಬಾರದೆಂದು ಅವು ಹೇಳುವುದಿಲ್ಲ.

ನಮ್ಮ ತಂದೆಯವರ ಬಳಿ ಇದ್ದದ್ದು 12 ಬೋರಿನ ಒಂಟಿ ನಳಿಗೆಯ ಬಂದೂಕು. ಬೆಳೆ ರಕ್ಷಣೆಗೆಂದು ಜಿಲ್ಲಾಧಿಕಾರಿಗಳ ಕಚೇರಿಯಿಂದ ಪರವಾನಗಿ ಪಡೆದಿದ್ದರು. ಕಡಲೆಕಾಯಿ ಕಾಯಿ ಕಟ್ಟುವ ಕಾಲಕ್ಕೆ ಗುಡ್ಡದ ಕಡೆಯಿಂದ ಕಾಡುಹಂದಿಗಳು ಇಳಿದು ಬಂದರೆ ಒಂದೇ ರಾತ್ರಿಯಲ್ಲಿ ಅರ್ಧ ಎಕರೆ ಉತ್ತು ಹಾಕಿದ ಹಾಗೆ ಕೆದಕಿಬಿಡುತ್ತಿದ್ದವು. ಅಟ್ಟಣೆಯ ಮೇಲೆ ಅಪ್ಪನ ಪಕ್ಕದಲ್ಲಿ ನಾನು ಹಲವು ರಾತ್ರಿ ಕುಳಿತಿದ್ದೇನೆ. ಹಂದಿಗಳನ್ನು ಕೊಲ್ಲುವ ಉದ್ದೇಶ ಅವರಿಗಿರಲಿಲ್ಲ; ಆಕಾಶದ ಕಡೆ ಹೊಡೆದು ಬೆದರಿಸುತ್ತಿದ್ದರು. ಒಂದು ಗುಂಡು ಹಾರಿದ ಮೇಲೆ ಅವರು ಮಾಡುತ್ತಿದ್ದ ಕೆಲಸವೆಲ್ಲ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಹೆಬ್ಬೆರಳಿನಿಂದ ಕೀಲು ಒತ್ತಿ ನಳಿಗೆಯನ್ನು ಕೆಳಕ್ಕೆ ಬಾಗಿಸುತ್ತಿದ್ದರು, ಬಿಸಿಯಾದ ಖಾಲಿ ತೋಟಾವನ್ನು ಉಗುರಿನಿಂದ ಮೀಟಿ ತೆಗೆಯುತ್ತಿದ್ದರು, ಅದನ್ನು ಎಸೆಯದೆ ಎಡ ಜೇಬಿಗೆ ಹಾಕಿಕೊಳ್ಳುತ್ತಿದ್ದರು, ಬಲ ಜೇಬಿನಿಂದ ಹಿತ್ತಾಳೆಯ ಬುಡದ ಹೊಸ ತೋಟಾ ತಡಕಿ ತೆಗೆದು ತುಂಬಿ ಟಕ್ಕೆಂದು ನಳಿಗೆ ಮುಚ್ಚುತ್ತಿದ್ದರು. ಸುಟ್ಟ ಮದ್ದಿನ ವಾಸನೆ ಆ ಹೊತ್ತಿಗೆ ಇಡೀ ಅಟ್ಟಣೆಯನ್ನು ತುಂಬಿರುತ್ತಿತ್ತು. ಕತ್ತಲಲ್ಲಿ, ಆತುರದಲ್ಲಿ, ಇಷ್ಟಕ್ಕೆ ಐದಾರು ಸೆಕೆಂಡು ಹಿಡಿಯುತ್ತಿತ್ತು. ಅಷ್ಟರಲ್ಲಿ ಹಂದಿಗಳು ಬದು ದಾಟಿ, ಹಳ್ಳ ದಾಟಿ, ಕಾಣದಂತಾಗಿರುತ್ತಿದ್ದವು. ಓಡುವ ಜೀವಕ್ಕೆ ಐದು ಸೆಕೆಂಡು ಎಂದರೆ ಎಷ್ಟು ದೂರ ಎಂಬುದನ್ನು ನಾನು ಅಲ್ಲಿ ಕಣ್ಣಾರೆ ಕಂಡಿದ್ದೇನೆ.

ಮೂವತ್ತು ವರ್ಷ ಇತಿಹಾಸ ಬೋಧಿಸಿದ ನಾನು ಪ್ರತಿವರ್ಷವೂ ಮಕ್ಕಳನ್ನು ವಿದುರಾಶ್ವತ್ಥಕ್ಕೆ ಕರೆದುಕೊಂಡು ಹೋಗುತ್ತಿದ್ದೆ. ನಾಗರಕಲ್ಲುಗಳ ಸಾಲು ದಾಟಿ ವೀರಸೌಧದ ಹತ್ತಿರ ನಿಲ್ಲಿಸಿ, 1938ರ ಏಪ್ರಿಲ್ 25ರಂದು ಧ್ವಜ ಸತ್ಯಾಗ್ರಹಕ್ಕೆ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದ ಸಂಗತಿಯನ್ನು ಹೇಳುತ್ತಿದ್ದೆ. ಸತ್ತವರ ಸಂಖ್ಯೆಯ ಬಗ್ಗೆ ಸರ್ಕಾರದ ಲೆಕ್ಕವೂ ಜನರ ಲೆಕ್ಕವೂ ಇಂದಿಗೂ ಒಂದಕ್ಕೊಂದು ಹೊಂದುವುದಿಲ್ಲ. ದಕ್ಷಿಣದ ಜಲಿಯನ್‌ವಾಲಾ ಬಾಗ್ ಎಂದು ಅದನ್ನು ಕರೆಯುವುದರಿಂದ 1919ರ ಅಮೃತಸರದ ಅಂಕಿಗಳನ್ನೂ ಹಲಗೆಯ ಮೇಲೆ ಬರೆಯುತ್ತಿದ್ದೆ: 50 ಸಿಪಾಯಿಗಳು, ಸುಮಾರು 10 ನಿಮಿಷ, 1,650 ಗುಂಡು, ಸರ್ಕಾರವೇ ಒಪ್ಪಿಕೊಂಡಂತೆ 379 ಸಾವು. ಇಷ್ಟು ವರ್ಷ ಬರೆದಿದ್ದರೂ ಒಂದು ಭಾಗಾಕಾರವನ್ನು ನಾನು ಮಾಡಿರಲಿಲ್ಲ. ತಮ್ಮನ ಮಗಳ ಪ್ರಶ್ನೆಯ ನಂತರ ಮಾಡಿದೆ. 1,650ನ್ನು 50ರಿಂದ ಭಾಗಿಸಿದರೆ ಸರಿಯಾಗಿ 33. ಎಂದರೆ, ತರಬೇತಾದ ಒಬ್ಬ ಸಿಪಾಯಿ, ಹತ್ತು ತೋಟಾ ಹಿಡಿಯುವ ಲೀ-ಎನ್‌ಫೀಲ್ಡ್ ರೈಫಲ್ ಹಿಡಿದು, ತನ್ನ ಅಧಿಕಾರಿಯ ಆಜ್ಞೆಯಂತೆ ಹತ್ತು ನಿಮಿಷಗಳಲ್ಲಿ ಸರಾಸರಿ ಹೊಡೆದದ್ದು 33 ಗುಂಡು.

2011ರ ಜನವರಿ 8ರಂದು ಅರಿಜೋನಾದ ಟೂಸಾನ್ ನಗರದಲ್ಲಿ, ಸಂಸದೆ ಗೇಬ್ರಿಯಲ್ ಗಿಫರ್ಡ್ಸ್ ಅಂಗಡಿಯೊಂದರ ಮುಂದೆ ಮತದಾರರ ಅಹವಾಲು ಕೇಳುತ್ತಿದ್ದಾಗ ಅವರ ತಲೆಗೆ ಗುಂಡಿಟ್ಟವನ ಪಿಸ್ತೂಲಿನ ಮ್ಯಾಗಜೀನ್ ಹಿಡಿಯುತ್ತಿದ್ದದ್ದೂ 33. ಅದು ಬರಿದಾಗಲು ಅರ್ಧ ನಿಮಿಷವೂ ಬೇಕಾಗಲಿಲ್ಲ. ಆರು ಜನ ಸತ್ತರು, ಅವರಲ್ಲಿ ಒಂಬತ್ತು ವರ್ಷದ ಒಬ್ಬ ಹುಡುಗಿಯೂ ಇದ್ದಳು. ಹದಿಮೂರು ಜನ ಗಾಯಗೊಂಡರು. ಅವನು ಎರಡನೆಯ ಮ್ಯಾಗಜೀನ್ ಹೊರತೆಗೆದಾಗ, ಅಲ್ಲಿದ್ದ ಅರವತ್ತೊಂದು ವರ್ಷದ ಮಹಿಳೆಯೊಬ್ಬರು ಅದನ್ನು ಕಿತ್ತುಕೊಂಡರು, ಉಳಿದವರು ಅವನನ್ನು ನೆಲಕ್ಕೆ ಕೆಡವಿ ಹಿಡಿದರು. ಹೊಡೆತ ನಿಂತದ್ದು ಡಬ್ಬಿ ಬದಲಿಸುವ ಆ ಕೈತಡಬಡದಲ್ಲಿ. ಅದು ಹತ್ತನೆಯ ಗುಂಡಿನ ನಂತರವೇ ಬಂದಿದ್ದರೆ ಎಂದು ಯೋಚಿಸದೆ ಇರಲು ನನ್ನಿಂದ ಆಗುತ್ತಿಲ್ಲ.

ಮರುವರ್ಷ ಡಿಸೆಂಬರ್ 14ರಂದು ಕನೆಕ್ಟಿಕಟ್ ರಾಜ್ಯದ ಸ್ಯಾಂಡಿ ಹುಕ್ ಶಾಲೆಯಲ್ಲಿ 20 ಮಕ್ಕಳೂ 6 ಮಂದಿ ಸಿಬ್ಬಂದಿಯೂ ಹತರಾದರು. ಮೂವತ್ತರ ಮ್ಯಾಗಜೀನ್‌ಗಳು, ಐದು ನಿಮಿಷಕ್ಕೂ ಕಡಿಮೆ ಸಮಯ, 154 ಗುಂಡು. ಇನ್ನು 2017ರ ಅಕ್ಟೋಬರ್ 1ರ ರಾತ್ರಿ ಲಾಸ್ ವೇಗಸ್‌ನಲ್ಲಿ ಹೋಟೆಲಿನ ಕಿಟಕಿಯಲ್ಲಿ ನಿಂತ ಒಬ್ಬನೇ ಒಬ್ಬ ಮನುಷ್ಯ, ನೂರು ತೋಟಾ ಹಿಡಿಯುವ ಮ್ಯಾಗಜೀನ್‌ಗಳನ್ನು ಹಲವು ರೈಫಲ್‌ಗಳಿಗೆ ಸಿಕ್ಕಿಸಿಟ್ಟುಕೊಂಡು, ಸುಮಾರು ಹತ್ತು ನಿಮಿಷಗಳಲ್ಲಿ ಸಾವಿರಕ್ಕಿಂತ ಹೆಚ್ಚು ಗುಂಡು ಹಾರಿಸಿದ. ಆ ಹತ್ತು ನಿಮಿಷ ಅಮೃತಸರದ ಹತ್ತು ನಿಮಿಷದಷ್ಟೇ ಉದ್ದ. ಅಲ್ಲಿ ಐವತ್ತು ಸಿಪಾಯಿಗಳ ಒಂದು ಪಡೆ ಮಾಡಿದ ಕೆಲಸದ ಮೂರರಲ್ಲಿ ಎರಡು ಪಾಲಿಗೆ ಹತ್ತಿರವಾದಷ್ಟನ್ನು ಇಲ್ಲಿ ಯಾವ ಆಜ್ಞೆಯೂ ಯಾವ ಪಡೆಯೂ ಇಲ್ಲದ ಒಬ್ಬ ಖಾಸಗಿ ಮನುಷ್ಯ ಮಾಡಿದ. ಡೈಯರ್‌ನನ್ನು ವಿಚಾರಣಾ ಸಮಿತಿಯ ಮುಂದೆ ನಿಲ್ಲಿಸಿ ಪ್ರಶ್ನಿಸಲು ಒಂದು ಸರ್ಕಾರವಾದರೂ ಇತ್ತು. ಒಬ್ಬ ವ್ಯಕ್ತಿಯ ಕೈಗೆ ಒಂದು ತುಕಡಿಯ ಬಲ ಕೊಡುವ ವಸ್ತುವನ್ನು ಅಂಗಡಿಯ ಕಪಾಟಿನಲ್ಲಿಟ್ಟು ಮಾರಬಹುದೇ ಎಂದು ಒಂದು ರಾಜ್ಯ ಕೇಳಿದರೆ, ಆ ಪ್ರಶ್ನೆ ನ್ಯಾಯವಾದದ್ದು ಎಂದೇ ನನ್ನ ನಂಬಿಕೆ.

ಈ ಪ್ರಶ್ನೆಯನ್ನು ಮೊದಲು ಇಡೀ ದೇಶಕ್ಕೆ ಅನ್ವಯಿಸುವಂತೆ ಕೇಳಲಾಗಿತ್ತು. 1994ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಒಕ್ಕೂಟ ಸರ್ಕಾರವೇ ಹತ್ತಕ್ಕಿಂತ ಹೆಚ್ಚು ತೋಟಾ ಹಿಡಿಯುವ ಹೊಸ ಮ್ಯಾಗಜೀನ್‌ಗಳನ್ನು ನಿಷೇಧಿಸಿತು. ಹತ್ತು ವರ್ಷಕ್ಕೆಂದು ಮಾಡಿದ ಆ ಕಾನೂನು 2004ರಲ್ಲಿ ನವೀಕರಣವಾಗದೆ ಬಿದ್ದುಹೋಯಿತು. ಅಂದಿನಿಂದ ಈ ಕೆಲಸ ರಾಜ್ಯಗಳ ಪಾಲಿಗೆ ಉಳಿದಿದೆ. ನ್ಯೂಯಾರ್ಕ್ 2000ದಲ್ಲಿ, ಕನೆಕ್ಟಿಕಟ್ 2013ರಲ್ಲಿ, ನ್ಯೂಜೆರ್ಸಿ 2018ರಲ್ಲಿ, ರೋಡ್ ಐಲೆಂಡ್ 2022ರಲ್ಲಿ ಹತ್ತರ ಮಿತಿ ಹಾಕಿದವು. ಕೊಲರಾಡೊದಲ್ಲಿ ಹದಿನೈದು, ಡೆಲವೇರ್‌ನಲ್ಲಿ ಹದಿನೇಳು. ಇಲಿನಾಯ್ ಮತ್ತು ವರ್ಮಾಂಟ್‌ನಲ್ಲಿ ಉದ್ದ ಬಂದೂಕಿಗೆ ಹತ್ತು, ಕೈಬಂದೂಕಿಗೆ ಹದಿನೈದು. ನ್ಯೂಯಾರ್ಕ್ 2013ರಲ್ಲಿ ಒಂದು ಹೆಜ್ಜೆ ಮುಂದೆ ಹೋಗಿ, ಹತ್ತು ಹಿಡಿಯುವ ಮ್ಯಾಗಜೀನ್ ಇಟ್ಟುಕೊಂಡರೂ ಏಳನ್ನು ಮಾತ್ರ ತುಂಬಬೇಕು ಎಂದು ಬರೆದಿತ್ತು; ನ್ಯಾಯಾಲಯ ಆ ಒಂದು ಅಂಶವನ್ನು ತೆಗೆದುಹಾಕಿತು, ಅದು ಸರಿಯಾಗಿಯೇ ಆಯಿತು. ಡಬ್ಬಿಯ ಗಾತ್ರವನ್ನು ಕಾನೂನು ಅಳೆಯಬಹುದು, ಅದರೊಳಗೆ ಎಷ್ಟು ತುಂಬಿದ್ದಾರೆಂದು ಮನೆಮನೆಗೆ ಹೋಗಿ ಎಣಿಸಲಾರದು.

ಈ ಕಾನೂನುಗಳಲ್ಲಿ ನಿಜಕ್ಕೂ ಕಠಿಣವಾದ ಪದ ಸ್ವಾಧೀನ. ಇನ್ನು ಮುಂದೆ ಮಾರಬಾರದು ಎನ್ನುವುದು ಬೇರೆ. ನೀವು ನಿನ್ನೆ ಕಾನೂನುಬದ್ಧವಾಗಿ ಹಣ ಕೊಟ್ಟು ತಂದು ಬೀರುವಿನಲ್ಲಿಟ್ಟಿರುವ ವಸ್ತುವನ್ನು ಇಂತಿಷ್ಟು ದಿನಗಳೊಳಗೆ ಬಿಟ್ಟುಕೊಡಿ ಎನ್ನುವುದು ಬೇರೆ. ನ್ಯೂಜೆರ್ಸಿಯೂ ರೋಡ್ ಐಲೆಂಡೂ 180 ದಿನಗಳ ಗಡುವು ಕೊಟ್ಟವು: ಒಪ್ಪಿಸಿ, ಮಾರ್ಪಡಿಸಿ, ಇಲ್ಲವೇ ಹೊರರಾಜ್ಯಕ್ಕೆ ಸಾಗಿಸಿ ಎಂದವು. ಇಷ್ಟು ಕಠಿಣ ಏಕೆ ಎಂಬುದಕ್ಕೆ ಉತ್ತರ 1994ರ ಅನುಭವದಲ್ಲಿದೆ. ಆ ಕಾನೂನು ಹಳೆಯದನ್ನು ಮುಟ್ಟಲಿಲ್ಲ. ಆಗಲೇ ಜನರ ಬಳಿ ಸುಮಾರು 2.5 ಕೋಟಿ ದೊಡ್ಡ ಮ್ಯಾಗಜೀನ್‌ಗಳಿದ್ದವೆಂದು ಅಂದಾಜು, ಅದರ ಮೇಲೆ ನಿಷೇಧಕ್ಕೆ ಮೊದಲು ತಯಾರಾದವು ಎಂಬ ಹೆಸರಿನಲ್ಲಿ ಇನ್ನಷ್ಟು ಹೊರದೇಶಗಳಿಂದ ಬಂದವು. ಸ್ಪ್ರಿಂಗ್ ಇರುವ ಒಂದು ಡಬ್ಬಿ ದಶಕಗಟ್ಟಲೆ ಕೆಡುವುದಿಲ್ಲ. ಹತ್ತು ವರ್ಷದ ಕೊನೆಗೆ ನ್ಯಾಯ ಇಲಾಖೆಗಾಗಿ ಅಧ್ಯಯನ ಮಾಡಿದ ಕ್ರಿಸ್ಟೋಫರ್ ಕೋಪರ್, ಹಳೆಯ ದಾಸ್ತಾನು ಹಾಗೆಯೇ ಇದ್ದುದರಿಂದ ಕಾನೂನಿನ ಪೂರ್ಣ ಪರಿಣಾಮ ಕಾಣಲು ಅವಕಾಶವೇ ಆಗಲಿಲ್ಲ ಎಂಬರ್ಥದಲ್ಲಿ ಬರೆದರು. ಕೆರೆಯ ತೂಬು ಮುಚ್ಚದೆ ಕೋಡಿಗೆ ಮಾತ್ರ ಮಣ್ಣು ಹಾಕಿದ ಹಾಗಾಯಿತು.

ಕ್ಯಾಲಿಫೋರ್ನಿಯಾ ಇದನ್ನು ತನ್ನದೇ ಅನುಭವದಿಂದ ಕಲಿಯಿತು. 2000ದಿಂದ ಅಲ್ಲಿ ಹತ್ತಕ್ಕಿಂತ ಹೆಚ್ಚಿನವನ್ನು ಮಾರುವಂತಿರಲಿಲ್ಲ, ಆದರೆ ಇದ್ದವರು ಇಟ್ಟುಕೊಳ್ಳಬಹುದಿತ್ತು. 2016ರ ನವೆಂಬರ್‌ನಲ್ಲಿ ಮತದಾರರೇ ನೇರವಾಗಿ ಮತ ಹಾಕಿ ಸ್ವಾಧೀನವನ್ನೂ ನಿಷೇಧಿಸಿದರು. ಫೆಡರಲ್ ನ್ಯಾಯಾಧೀಶ ರೋಜರ್ ಬೆನಿಟೆಜ್ 2019ರ ಮಾರ್ಚ್ 29ರಂದು ಕಾನೂನನ್ನೇ ರದ್ದುಪಡಿಸಿ, ಒಂದು ವಾರದ ಬಳಿಕ ಮೇಲ್ಮನವಿ ಮುಗಿಯುವವರೆಗೆ ತಮ್ಮ ತೀರ್ಪಿಗೆ ತಾವೇ ತಡೆ ಕೊಟ್ಟರು. ನಡುವಿನ ಆ ಒಂದು ವಾರದಲ್ಲಿ ಜನ ಹೊರರಾಜ್ಯಗಳಿಂದ ಭಾರಿ ಸಂಖ್ಯೆಯಲ್ಲಿ ಮ್ಯಾಗಜೀನ್‌ಗಳನ್ನು ತರಿಸಿಕೊಂಡರು. ಬಂದೂಕು ಪ್ರಿಯರು ಅದನ್ನು ಇಂದಿಗೂ ಸ್ವಾತಂತ್ರ್ಯದ ವಾರ ಎಂದೇ ನೆನೆಯುತ್ತಾರೆ.

ಆ ಮೊಕದ್ದಮೆ ಕೊನೆಗೆ 2025ರ ಮಾರ್ಚ್ 20ರಂದು ಒಂಬತ್ತನೆಯ ಸರ್ಕ್ಯೂಟ್ ಮೇಲ್ಮನವಿ ನ್ಯಾಯಾಲಯದ ಹನ್ನೊಂದು ನ್ಯಾಯಾಧೀಶರ ಪೀಠದಲ್ಲಿ ಏಳು–ನಾಲ್ಕರ ಬಹುಮತದಿಂದ ತೀರ್ಮಾನವಾಯಿತು, ಕಾನೂನು ಉಳಿಯಿತು. ಇತಿಹಾಸದ ಮೇಷ್ಟ್ರಾದ ನನಗೆ ಈ ತೀರ್ಪು ಹಿಡಿಸಿದ್ದಕ್ಕೆ ಬೇರೊಂದು ಕಾರಣವಿದೆ. 2022ರ ಜೂನ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, ಶಸ್ತ್ರಗಳ ಮೇಲಿನ ಇಂದಿನ ಯಾವ ನಿರ್ಬಂಧಕ್ಕೂ ಆ ದೇಶದ ಇತಿಹಾಸದಲ್ಲಿ ಹೋಲಿಕೆ ತೋರಿಸಬೇಕು ಎಂದು ವಿಧಿಸಿತ್ತು. ಹದಿನೆಂಟನೆಯ ಶತಮಾನದಲ್ಲಿ ಮೂವತ್ತು ಗುಂಡಿನ ಮ್ಯಾಗಜೀನ್ ಮನೆಮನೆಯ ವಸ್ತುವಾಗಿರಲಿಲ್ಲ, ಹಾಗಾಗಿ ಅದರ ನಿಷೇಧವೂ ಇರಲಿಲ್ಲ. ಬಹುಮತದ ನ್ಯಾಯಾಧೀಶರು ಮ್ಯಾಗಜೀನ್‌ನ ದೊಡ್ಡ ಗಾತ್ರವು ಶಸ್ತ್ರವೇ ಅಲ್ಲ, ಶಸ್ತ್ರಕ್ಕೆ ಸೇರಿಸುವ ಪರಿಕರ ಎಂದರು. ಶಸ್ತ್ರವೆಂದೇ ಒಪ್ಪಿಕೊಂಡರೂ, ಮದ್ದಿನ ಪುಡಿಯನ್ನು ಎಲ್ಲಿ ಹೇಗೆ ಇಡಬೇಕೆಂದು ಆ ಕಾಲದಲ್ಲಿಯೇ ಇದ್ದ ಕಾನೂನುಗಳನ್ನು ನೋಡಿ ಎಂದರು. ಬೋಸ್ಟನ್ನಿನಲ್ಲಿ 1783ರಲ್ಲೇ ಮದ್ದು ತುಂಬಿದ ಬಂದೂಕನ್ನು ಮನೆಯೊಳಗೆ ತರುವುದಕ್ಕೆ ನಿಷೇಧವಿತ್ತು. ಬೆಂಕಿ ಬಿದ್ದರೆ ಅಕ್ಕಪಕ್ಕದವರ ಗತಿಯೇನು ಎಂಬುದು ಅವರ ಚಿಂತೆ. ಒಂದೇ ಕಡೆ ಎಷ್ಟು ಅಪಾಯವನ್ನು ಕೂಡಿಡಬಹುದು ಎಂಬ ಪ್ರಶ್ನೆ ಅಂದಿನದೂ ಹೌದು, ಇಂದಿನದೂ ಹೌದು. ನಮ್ಮ ಜಿಲ್ಲೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 2021ರ ಫೆಬ್ರವರಿಯಲ್ಲಿ ಹಿರೇನಾಗವಲ್ಲಿಯ ಬಳಿ ಅಕ್ರಮ ಜಿಲೆಟಿನ್ ಕಡ್ಡಿಗಳು ಸಿಡಿದು ಆರು ಜನ ಸತ್ತರು. ಕ್ವಾರಿಯವರ ಸಿಡಿಮದ್ದಿನ ಕೋಣೆಗೆ ಪ್ರಮಾಣದ ಮಿತಿ ಏಕೆ ಬೇಕೆಂದು ಆ ನಂತರ ನಮ್ಮಲ್ಲಿ ಯಾರೂ ವಾದಿಸಲಿಲ್ಲ.

ವಿರೋಧಿಗಳ ಮಾತನ್ನು ಲಘುವಾಗಿ ತಳ್ಳಿಹಾಕುವುದು ತಪ್ಪು. ಅವರ ಮೊದಲ ಮಾತು, ಕೆಟ್ಟವನು ಕಾನೂನು ಪಾಲಿಸುವುದಿಲ್ಲ ಎಂಬುದು. ತಮ್ಮನ ಮಗಳ ಊರೇ ಅದಕ್ಕೆ ಸಾಕ್ಷಿ. 2021ರ ಮಾರ್ಚ್ 22ರಂದು ಬೌಲ್ಡರ್‌ನ ದಿನಸಿ ಅಂಗಡಿಯೊಂದರಲ್ಲಿ ಹತ್ತು ಜನರನ್ನು ಕೊಂದವನ ಬಳಿ ಮೂವತ್ತರ ಮ್ಯಾಗಜೀನ್‌ಗಳಿದ್ದವು, ಹದಿನೈದರ ಮಿತಿ ಹಾಕಿದ ಕಾನೂನು ಜಾರಿಯಾಗಿ ಎಂಟು ವರ್ಷ ಆಗುತ್ತಾ ಬಂದಿತ್ತು. ನಿಜ. ಆದರೆ ಆ ಕಾನೂನಿನಲ್ಲಿ 2013ರ ಜುಲೈಗೆ ಮೊದಲು ಕೊಂಡದ್ದನ್ನು ಇಟ್ಟುಕೊಳ್ಳಲು ಅವಕಾಶವಿತ್ತು, ಯಾವುದು ಹಳೆಯದು ಯಾವುದು ಹೊಸದು ಎಂದು ನೋಡಿ ಹೇಳುವುದು ಸುಲಭವಲ್ಲ, ನೆರೆಯ ರಾಜ್ಯಕ್ಕೆ ಕಾರಿನಲ್ಲಿ ಹೋಗಲು ಒಂದೆರಡು ಗಂಟೆ ಸಾಕು. ಆ ಕಾನೂನಿಗಾಗಿ ಅಲ್ಲಿನ ಶಾಸಕರು ತೆತ್ತ ಬೆಲೆಯೂ ಕಡಿಮೆಯಲ್ಲ. 2013ರ ಸೆಪ್ಟೆಂಬರ್‌ನಲ್ಲಿ ಮತದಾರರು ಇಬ್ಬರು ಸೆನೆಟರ್‌ಗಳನ್ನು ಅವಧಿಗೆ ಮೊದಲೇ ವಾಪಸ್ ಕರೆಸಿಕೊಂಡರು.

ಎರಡನೆಯ ಮಾತು, ಪಳಗಿದವನಿಗೆ ಮ್ಯಾಗಜೀನ್ ಬದಲಿಸಲು ಎರಡು ಮೂರು ಸೆಕೆಂಡು ಸಾಕು, ಹಾಗಾಗಿ ಮಿತಿಯಿಂದ ಪ್ರಯೋಜನವಿಲ್ಲ ಎಂಬುದು. ಅದೇ ಜನ, ಮನೆಗೆ ನುಗ್ಗಿದ ಕಳ್ಳರನ್ನು ಎದುರಿಸುವವನಿಗೆ ಹತ್ತು ಸಾಲದು, ಬದಲಿಸುವಷ್ಟರಲ್ಲಿ ಅವನ ಪ್ರಾಣವೇ ಹೋಗಬಹುದು ಎಂದೂ ವಾದಿಸುತ್ತಾರೆ. ಈ ಎರಡೂ ಒಟ್ಟಿಗೆ ನಿಜವಾಗಲಾರವು. ಆ ಮೂರು ಸೆಕೆಂಡಿಗೆ ಬೆಲೆ ಇದ್ದರೆ ಶಾಲೆಯ ಮಗುವಿಗೂ ಇದೆ. ಸ್ಯಾಂಡಿ ಹುಕ್‌ನಲ್ಲಿ ಹೊಡೆತ ನಿಂತ ಒಂದು ಗಳಿಗೆಯಲ್ಲಿ ಕೆಲವು ಮಕ್ಕಳು ಕೊಠಡಿಯಿಂದ ಓಡಿ ಪಾರಾದರು. ಮಕ್ಕಳನ್ನು ಕಳೆದುಕೊಂಡ ತಂದೆತಾಯಿಗಳು ಅದನ್ನೇ ಹೇಳಿ ಕಾನೂನು ಕೇಳಿದರು. ಅಂಕಿಗಳನ್ನು ಬಯಸುವವರಿಗೆ 2019ರಲ್ಲಿ ಲೂಯಿಸ್ ಕ್ಲಾರೆವಾಸ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನವಿದೆ: 1990ರಿಂದ 2017ರವರೆಗಿನ ಭಾರಿ ಸಾಮೂಹಿಕ ಹತ್ಯೆಗಳ ಪ್ರಮಾಣ, ನಿಷೇಧವಿಲ್ಲದ ಕಡೆ ನಿಷೇಧವಿದ್ದ ಕಡೆಗಿಂತ ಎರಡು ಪಟ್ಟಿಗೂ ಹೆಚ್ಚು. ಅದಕ್ಕೆ ಇತರ ಕಾರಣಗಳೂ ಸೇರಿರಬಹುದು, ಇಂಥ ಅಧ್ಯಯನಗಳಲ್ಲಿ ಅದು ಇದ್ದದ್ದೇ. ನನಗೆ ಅಟ್ಟಣೆಯ ಮೇಲೆ ಕಂಡದ್ದು ಸಾಕು.

ಅಂದು ಸಹಿಗಾಗಿ ಕಾಯುತ್ತಿದ್ದ ಕೊಲರಾಡೊ ಮಸೂದೆಗೆ ಗವರ್ನರ್ ಜೇರೆಡ್ ಪೋಲಿಸ್ ಏಪ್ರಿಲ್ 10ರಂದು ಸಹಿ ಹಾಕಿದರು. ಅದನ್ನು ಮಂಡಿಸಿದವರಲ್ಲಿ ಪ್ರಮುಖರಾದ ಸೆನೆಟರ್ ಟಾಮ್ ಸಲಿವನ್, 2012ರ ಅರೋರಾ ಚಿತ್ರಮಂದಿರದ ಹತ್ಯಾಕಾಂಡದಲ್ಲಿ ಮಗನನ್ನು ಕಳೆದುಕೊಂಡ ತಂದೆ. ಅಲ್ಲಿ ಹನ್ನೆರಡು ಜನ ಸತ್ತರು. ಕೊಲೆಗಾರನ ನೂರು ಗುಂಡಿನ ಡ್ರಮ್ ಆಕಾರದ ಮ್ಯಾಗಜೀನ್ ನಡುವೆ ಸಿಕ್ಕಿಕೊಳ್ಳದಿದ್ದರೆ ಇನ್ನೆಷ್ಟು ಜನವೋ. ಡಬ್ಬಿಗಳನ್ನು ಹುಡುಕುವುದು ಆಗದ ಮಾತಾದ್ದರಿಂದ, ಕಳಚಿ ಸಿಕ್ಕಿಸಬಹುದಾದ ಮ್ಯಾಗಜೀನ್ ಹಿಡಿಸುವ, ಟ್ರಿಗರ್ ಎಳೆದಂತೆಲ್ಲ ಒಂದೊಂದೇ ಗುಂಡು ಹಾರಿಸುವ ಹಲವು ಬಗೆಯ ಅರೆ-ಸ್ವಯಂಚಾಲಿತ ಬಂದೂಕುಗಳ ಮಾರಾಟವನ್ನೇ ತಡೆಯುವುದು ಮಸೂದೆಯ ಮೂಲ ರೂಪ. ಚರ್ಚೆಯ ನಂತರ, ತರಬೇತಿ ಪಡೆದು ಅರ್ಹತೆ ತೋರಿಸಿದವರು ಕೊಳ್ಳಬಹುದು ಎಂದು ಸಡಿಲಿಸಿದರು. ಜಾರಿಯ ದಿನಾಂಕ 2026ರ ಆಗಸ್ಟ್ 1. ನನಗೆ ಇದು ಒಪ್ಪಿಗೆ. ಪರವಾನಗಿ ಕೊಡುವ ಮುನ್ನ ಕಲಿತಿದ್ದೀಯಾ ಎಂದು ಕೇಳುವುದು ಅವಮಾನವಲ್ಲ.

ನಮ್ಮ ದೇಶದ 1959ರ ಶಸ್ತ್ರ ಕಾಯ್ದೆ ನಿಷೇಧಿತ ಶಸ್ತ್ರವನ್ನು ವಿವರಿಸುವಾಗ ಮ್ಯಾಗಜೀನ್ ಎಂಬ ಪದವನ್ನೇ ಬಳಸುತ್ತದೆ: ಟ್ರಿಗರ್ ಒತ್ತಿದರೆ, ಒತ್ತಡ ತೆಗೆಯುವವರೆಗೆ ಅಥವಾ ಮ್ಯಾಗಜೀನ್ ಬರಿದಾಗುವವರೆಗೆ ಗುಂಡು ಹಾರುತ್ತಲೇ ಇರುವಂಥದ್ದು. ಅದನ್ನು ಕೇಂದ್ರ ಸರ್ಕಾರದ ವಿಶೇಷ ಅನುಮತಿಯಿಲ್ಲದೆ ಸಾಮಾನ್ಯರು ಇಟ್ಟುಕೊಳ್ಳುವಂತಿಲ್ಲ. ಬಂದೂಕು ನಮ್ಮಲ್ಲಿ ಹಕ್ಕಲ್ಲ, ಪರವಾನಗಿ. ಅಮೆರಿಕದಲ್ಲಿ ಅದು ಸಂವಿಧಾನದ ಹಕ್ಕು. ಈ ಅಂತರವನ್ನು ಮರೆತು ನಮ್ಮಂತೆ ಅವರೇಕಿಲ್ಲ ಎಂದು ಕೇಳುವುದು ನ್ಯಾಯವಾಗುವುದಿಲ್ಲ. ಕಾನೂನಿಗೆ ತಲೆಬಾಗುವ ಪ್ರಾಮಾಣಿಕನ ಸಂಕಟ ಮಾತ್ರ ಎರಡೂ ಕಡೆ ಒಂದೇ. 1999ರ ಸೆಪ್ಟೆಂಬರ್‌ನಲ್ಲಿ ಲೋಕಸಭೆಗೂ ವಿಧಾನಸಭೆಗೂ ಒಟ್ಟಿಗೆ ಚುನಾವಣೆ ಬಂದಾಗ, ನಿಯಮದಂತೆ ಅಪ್ಪ ಬಂದೂಕನ್ನು ಠಾಣೆಯಲ್ಲಿ ಠೇವಣಿ ಇಟ್ಟರು. ಕಡಲೆಕಾಯಿ ಬಲಿಯುವ ಕಾಲ ಅದೇ. ತಮಟೆ ಬಡಿದು, ಪಟಾಕಿ ಹಚ್ಚಿ ಕಾದರೂ ಆ ವರ್ಷ ಮೇಲಿನ ಹೊಲದ ಬೆಳೆ ಪೂರ್ತಿ ಹೋಯಿತು. "ತಪ್ಪು ಮಾಡೋನು ಯಾರೋ, ತಪಾಸಣೆ ನಮಗೆ" ಎಂದು ಅಪ್ಪ ನೊಂದುಕೊಂಡದ್ದು ನೆನಪಿದೆ. ಅಮೆರಿಕದ ರೈತನೊಬ್ಬ ಇದೇ ಮಾತು ಹೇಳಿದರೆ ನಾನು ಅವನನ್ನು ಹಂಗಿಸಲಾರೆ. ಮುಂದಿನ ಚುನಾವಣೆಯಲ್ಲಿ ಅಪ್ಪನೇ ಯಾರೂ ಹೇಳುವ ಮೊದಲು ಬಂದೂಕನ್ನು ಗೋಣಿಚೀಲದಲ್ಲಿ ಸುತ್ತಿ ಠಾಣೆಗೆ ಒಯ್ದರು ಎಂಬುದೂ ನೆನಪಿದೆ.

2019ರ ಡಿಸೆಂಬರ್‌ನಲ್ಲಿ ಕಾಯ್ದೆಗೆ ತಿದ್ದುಪಡಿಯಾಗಿ, ಒಬ್ಬರು ಮೂರರ ಬದಲು ಎರಡೇ ಬಂದೂಕು ಇಟ್ಟುಕೊಳ್ಳಬಹುದು, ಮೂರನೆಯದನ್ನು ಒಂದು ವರ್ಷದೊಳಗೆ ಠಾಣೆಗೋ ಪರವಾನಗಿ ಪಡೆದ ವ್ಯಾಪಾರಿಗೋ ಒಪ್ಪಿಸಬೇಕು ಎಂದಾಯಿತು. ನಮ್ಮ ಮನೆಯದನ್ನು ನಾವು ಅದಕ್ಕೆ ಮೊದಲೇ ಒಪ್ಪಿಸಿದ್ದೆವು, ಅಪ್ಪ ತೀರಿಕೊಂಡ ವರ್ಷ. ತಮ್ಮನಿಗೂ ನನಗೂ ಪರವಾನಗಿಯನ್ನು ನಮ್ಮ ಹೆಸರಿಗೆ ಮಾಡಿಸಿಕೊಳ್ಳುವ ಮನಸ್ಸಿರಲಿಲ್ಲ. ಆದರೂ ಕೊಡುವ ದಿನ ಕೈ ಹಿಂದೇಟು ಹಾಕಿತು. ಹಿಡಿಯ ಮರದಲ್ಲಿ ಅಪ್ಪನ ಕೆನ್ನೆ ಒತ್ತಿ ನುಣುಪಾದ ಒಂದು ಗುರುತು ಇತ್ತು. ಸ್ವಾಧೀನದ ನಿಷೇಧ ಮನುಷ್ಯನಿಂದ ಏನನ್ನು ಕೇಳುತ್ತದೆ ಎಂಬುದು ಹೀಗೆ ನನಗೂ ಒಂದಿಷ್ಟು ಗೊತ್ತು, ಗೊತ್ತಿದ್ದೂ ಆ ಕಾನೂನು ಬೇಕೆಂದೇ ಹೇಳುತ್ತೇನೆ. ಅಂದು ಮುನ್ಷಿಯವರು ಲೈಸೆನ್ಸ್ ಪುಸ್ತಕ ತೆರೆದು, ಅಪ್ಪ ಕೊಂಡ ತೋಟಾಗಳ ಲೆಕ್ಕವನ್ನು ಬೆರಳಿಟ್ಟು ಕೂಡಿ, ನಾವು ತಂದ ಬಟ್ಟೆಯ ಗಂಟನ್ನು ಮೇಜಿನ ಮೇಲೆ ಬಿಚ್ಚಿ ಎರಡು ಸಲ ಎಣಿಸಿದರು. ರಸೀದಿಯಲ್ಲಿ ಬರೆದದ್ದು ಎರಡೇ ಸಾಲು: 12 ಬೋರ್ ಒಂಟಿ ನಳಿಗೆ ಬಂದೂಕು, 1, ಜೀವಂತ ತೋಟಾ, 7. ತಮ್ಮನ ಮಗಳಿಗೆ ಈ ಪತ್ರದ ಜೊತೆ ಅದರ ಫೋಟೊ ಕಳಿಸಿದ್ದೇನೆ.